‘ರಿಕಾರ್ಥ್ ನನ್ನನ್ನು ಕಡೆದ’: ಬ್ರೈಡ್‌ಕರ್ಕ್ ಚರ್ಚಿನ ಕಲ್ಲುತೊಟ್ಟಿಯ ಕಥೆ

ಪ್ರಶ್ನೆ: ನಾವು ಮ್ಯಾಂಚೆಸ್ಟರ್‌ನಲ್ಲಿರುವ ಕನ್ನಡಿಗರು. ಮಕ್ಕಳಿಗೆ ರಜೆ ಅಂತ ಲೇಕ್ ಡಿಸ್ಟ್ರಿಕ್ಟ್ ಕಡೆ ಹೋಗಿದ್ದಾಗ, ಕಾಕರ್‌ಮೌತ್ ಪಕ್ಕದ ಬ್ರೈಡ್‌ಕರ್ಕ್ ಎಂಬ ಹಳ್ಳಿಯ ಚರ್ಚ್ ನೋಡಿದೆವು. ಒಳಗೆ ಮಕ್ಕಳಿಗೆ ಜ್ಞಾನಸ್ನಾನ ಮಾಡಿಸುವ ಹಳೆಯ ಕಲ್ಲಿನ ತೊಟ್ಟಿ ಇದೆ. ಅದರ ಮೇಲೆ ಗೀಚಿದ ಹಾಗಿರುವ ಅಕ್ಷರಗಳು. ಅವು ವೈಕಿಂಗರ ರೂನ್ ಲಿಪಿ ಅಂತ ಒಬ್ಬರು ಹೇಳಿದರು. ಇನ್ನೊಬ್ಬರು ಇದು ರೋಮನ್ನರ ಕಾಲದ್ದು ಅಂದರು. ಚರ್ಚ್ ನೋಡಿದರೆ ಅಷ್ಟೇನೂ ಹಳೆಯದಲ್ಲ. ಹಾಗಾದರೆ ಈ ತೊಟ್ಟಿ ಯಾರದು? ಕ್ರೈಸ್ತರ ತೊಟ್ಟಿಯ ಮೇಲೆ ವೈಕಿಂಗರ ಲಿಪಿ ಹೇಗೆ ಬಂತು? ಕೆಳಗೆ ಸುತ್ತಿಗೆ ಹಿಡಿದ ಒಬ್ಬ ಪುಟ್ಟ ಮನುಷ್ಯನಿದ್ದಾನೆ, ಅವನು ಯಾರು?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಆ ಪುಟ್ಟ ಮನುಷ್ಯನೇ ತೊಟ್ಟಿಯನ್ನು ಮಾಡಿದವನು. ಅವನ ಹೆಸರು ರಿಕಾರ್ಥ್. ನಾವು ಇವತ್ತು ರಿಚರ್ಡ್ ಅನ್ನುತ್ತೇವಲ್ಲ, ಅದೇ ಹೆಸರು. ಸುಮಾರು 12ನೇ ಶತಮಾನದ ನಡುವಿನ ಮಾತು. ಅವನು ತನ್ನ ಚಿತ್ರವನ್ನು ತಾನೇ ಕೆತ್ತಿಕೊಂಡಿದ್ದಾನೆ. ಒಂದು ಕೈಯಲ್ಲಿ ಉಳಿ, ಇನ್ನೊಂದರಲ್ಲಿ ಕೊಡತಿ. ಸುಮ್ನೆ ನಿಂತಿಲ್ಲ, ಕೆಲಸ ಮಾಡುತ್ತಿದ್ದಾನೆ. ಪಕ್ಕದಲ್ಲಿ ಸುತ್ತಿಕೊಂಡು ಹೋಗುವ ಬಳ್ಳಿಯನ್ನು ಕಡೆಯುತ್ತಿದ್ದಾನೆ. ಅಂದರೆ ನೀವು ನೋಡಿದ ಬಳ್ಳಿ ಇನ್ನೂ ಮುಗಿದಿಲ್ಲ ಎಂಬ ಹಾಗೆ ಚಿತ್ರ ಇದೆ. ಎಂಟುನೂರು ವರ್ಷ ದಾಟಿದರೂ ಅವನ ಉಳಿ ಕಲ್ಲಿನ ಮೇಲಿಂದ ಎದ್ದಿಲ್ಲ. ನನಗೆ ಈ ತೊಟ್ಟಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಇದೇ.

ಅವನ ಹೆಸರು ನಮಗೆ ಗೊತ್ತಾದದ್ದು ಹೇಗೆ? ನೀವು ‘ಗೀಚಿದ ಹಾಗಿರುವ ಅಕ್ಷರಗಳು’ ಅಂದಿರಲ್ಲ, ಅವೇ ಹೇಳಿದ್ದು. ಒಂದು ಪಟ್ಟಿಯ ಮೇಲೆ ಕೆತ್ತಿರುವ ಆ ಸಾಲುಗಳನ್ನು ಹೀಗೆ ಓದುತ್ತಾರೆ:

ರಿಕಾರ್ಥ್ ಹೇ ಮೇ ಇವ್ರೊಕ್ಟೆ
ಅಂಡ್ ತೊ ಥಿಸ್ ಮೆರ್ಥ್ ಗೆರ್ನರ್ ಮೇ ಬ್ರೊಕ್ಟೆ

ಕನ್ನಡದಲ್ಲಿ ಹೇಳಬೇಕೆಂದರೆ, ‘ರಿಕಾರ್ಥ್ ನನ್ನನ್ನು ಕಡೆದ, ಈ ಚೆಂದಕ್ಕೆ ಅಕ್ಕರೆಯಿಂದ ನನ್ನ ತಂದ’. ಎರಡನೇ ಸಾಲಿನ ನಡುವೆ ಒಂದು ಪದ ಸವೆದಿದೆ. ಅದನ್ನು ‘ಗೆರ್ನರ್’ ಎಂದು ಓದಿ, ‘ಆಸೆಪಟ್ಟು, ಮನಸಾರೆ’ ಎಂದು ಅರ್ಥ ಮಾಡುವುದು ರೂಢಿ. ಉಳಿದದ್ದರ ಬಗ್ಗೆ ಅನುಮಾನವಿಲ್ಲ. ‘ಇವ್ರೊಕ್ಟೆ’, ‘ಬ್ರೊಕ್ಟೆ’ ಎಂದು ಕೊನೆಗೆ ಪ್ರಾಸ ಕೂಡಿಸಿದ್ದಾನೆ, ನೋಡಿ. ‘ಮೆರ್ಥ್’ ಎಂಬುದು ಇವತ್ತಿನ ಇಂಗ್ಲಿಷಿನಲ್ಲಿ ನಗು, ಮೋಜು ಎಂಬ ಅರ್ಥಕ್ಕೆ ಇಳಿದಿದೆ. ಆಗ ಅದಕ್ಕೆ ಸಂತೋಷ, ಸೊಬಗು ಎಂಬ ದೊಡ್ಡ ಅರ್ಥ ಇತ್ತು.

ಇಲ್ಲಿ ಮಾತಾಡುತ್ತಿರುವುದು ಯಾರು ಅಂತ ಗಮನಿಸಿದಿರಾ? ರಿಕಾರ್ಥ್ ಅಲ್ಲ. ತೊಟ್ಟಿ. ‘ನನ್ನನ್ನು ಕಡೆದ’ ಎಂದು ಕಲ್ಲೇ ಹೇಳುತ್ತಿದೆ. ಇದು ಹಳೆಯ ಇಂಗ್ಲಿಷಿನವರ ಒಂದು ಪದ್ಧತಿ. ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ವಸ್ತುಸಂಗ್ರಹಾಲಯದಲ್ಲಿ 9ನೇ ಶತಮಾನದ ಒಂದು ಚಿನ್ನದ ಆಭರಣವಿದೆ. ಅದರ ಅಂಚಿನಲ್ಲಿ ‘ಆಲ್‌ಫ್ರೆಡ್ ನನ್ನನ್ನು ಮಾಡಿಸಿದ’ ಎಂದಿದೆ. ಆಲ್‌ಫ್ರೆಡ್ ಜ್ಯುವೆಲ್ ಅಂತಲೇ ಅದಕ್ಕೆ ಹೆಸರು. ವಸ್ತುವೇ ಬಾಯಿಬಿಟ್ಟು ತನ್ನ ಹುಟ್ಟು ಹೇಳುವುದು ಅಲ್ಲಿಯವರಿಗೆ ಹೊಸದಲ್ಲ. ಆದರೆ ಆಲ್‌ಫ್ರೆಡ್ ದೊರೆ, ಮಾಡಿಸಿದವನು. ಬ್ರೈಡ್‌ಕರ್ಕ್‌ನ ಕಲ್ಲು ಹೇಳುವುದು ಮಾಡಿಸಿದವನ ಹೆಸರನ್ನಲ್ಲ, ಮಾಡಿದವನದ್ದು. ಕಾಸು ಕೊಟ್ಟ ದಣಿ ಯಾರು, ಪಾದ್ರಿ ಯಾರು, ಒಂದೂ ಇಲ್ಲ. ಬೆವರು ಸುರಿಸಿದವನ ಹೆಸರು ಮಾತ್ರ ಉಳಿದಿದೆ. ನಮ್ಮ ಬೇಲೂರಿನಲ್ಲೂ ಹೀಗೇ ಅಲ್ವಾ? ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಕೆಲಸದ ಕೆಳಗೆ ಹೆಸರು ಬರೆದುಕೊಂಡರು. ಅದೂ ಇದೇ 12ನೇ ಶತಮಾನ. ಎರಡಕ್ಕೂ ಏನೂ ಸಂಬಂಧವಿಲ್ಲ, ನಿಜ. ಆದರೂ ಶಾಸನ ಓದುವ ಕೆಲಸದಲ್ಲಿ ವರ್ಷಗಟ್ಟಲೆ ಕಳೆದ ನನಗೆ, ಕಲ್ಲಿನ ಮೇಲೆ ಕಡೆದವನ ಹೆಸರು ಕಂಡಾಗ ಒಂದು ಕ್ಷಣ ಕೈ ಮುಗಿಯಬೇಕು ಅನ್ನಿಸುತ್ತದೆ.

ಈಗ ಲಿಪಿಯ ವಿಚಾರ. ನಿಮಗೆ ಹೇಳಿದವರು ಅರ್ಧ ಸರಿ. ಲಿಪಿ ರೂನ್, ಅದರಲ್ಲೂ ಸ್ಕ್ಯಾಂಡಿನೇವಿಯಾದ, ಅಂದರೆ ವೈಕಿಂಗರ ನಾಡಾದ ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಕಡೆಯ ಬಗೆಯ ರೂನ್. ಆದರೆ ಭಾಷೆ ಡ್ಯಾನಿಶ್ ಅಲ್ಲ, ನಾರ್ವೆಯದ್ದೂ ಅಲ್ಲ. ಭಾಷೆ ಇಂಗ್ಲಿಷ್. ಇದರಲ್ಲಿ ನಮಗೆ ಆಶ್ಚರ್ಯ ಪಡುವಂಥದ್ದು ಏನಿದೆ? ಮಂಗಳೂರಿನ ಇಗರ್ಜಿಗೆ ಹೋಗಿ. ಕೈಯಲ್ಲಿರುವ ಪ್ರಾರ್ಥನೆ ಪುಸ್ತಕ ಕನ್ನಡ ಲಿಪಿಯಲ್ಲಿರುತ್ತದೆ, ಓದಿದರೆ ಬರುವುದು ಕೊಂಕಣಿ. ತುಳುವನ್ನೂ ನಾವು ಕನ್ನಡ ಅಕ್ಷರದಲ್ಲೇ ಬರೆಯುತ್ತೇವೆ. ಅಕ್ಷರ ಒಬ್ಬರದು, ಮಾತು ಇನ್ನೊಬ್ಬರದು. ಇದು ಕರಾವಳಿಯ ಮಗುವಿಗೂ ಗೊತ್ತು. ಆದರೆ ಇದನ್ನು ಮರೆತ ಒಬ್ಬ ದೊಡ್ಡ ವಿದ್ವಾಂಸರು ಈ ತೊಟ್ಟಿಯ ಮುಂದೆ ಹೇಗೆ ದಾರಿ ತಪ್ಪಿದರು ಅಂತ ಮುಂದೆ ಹೇಳುತ್ತೇನೆ.

ರಿಕಾರ್ಥ್ ಬರೀ ರೂನ್ ಅಕ್ಷರ ಬಳಸಲಿಲ್ಲ. ನಡುನಡುವೆ ಆ ಕಾಲದ ಇಂಗ್ಲಿಷ್ ಹಸ್ತಪ್ರತಿಗಳಲ್ಲಿ ಬರೆಯುತ್ತಿದ್ದ ಅಕ್ಷರಗಳನ್ನೂ ಸೇರಿಸಿದ್ದಾನೆ. ‘ಮತ್ತು’ ಎಂಬುದಕ್ಕೆ ಬರಹಗಾರರು 7ರ ಆಕಾರದ ಒಂದು ಗುರುತು ಹಾಕುತ್ತಿದ್ದರು. ಅದೂ ಇಲ್ಲಿದೆ. ಅಂದರೆ ಅವನಿಗೆ ಉಳಿಯ ಲಿಪಿಯೂ ಗೊತ್ತು, ಮಸಿಯ ಲಿಪಿಯೂ ಪರಿಚಯ. ಸ್ಕ್ಯಾಂಡಿನೇವಿಯಾದ ರೂನ್‌ನಲ್ಲಿ ಇಂಗ್ಲಿಷಿನ ಕೆಲವು ಉಚ್ಚಾರಗಳಿಗೆ ಸರಿಯಾದ ಅಕ್ಷರ ಇರಲಿಲ್ಲ. ಇಲ್ಲದ ಕಡೆ ಪುಸ್ತಕದಿಂದ ತಂದ. ಕೆಲಸ ಗೊತ್ತಿದ್ದವನು ಮಾಡುವ ರೀತಿ ಇದು.

‘ಕ್ರೈಸ್ತರ ತೊಟ್ಟಿಯ ಮೇಲೆ ವೈಕಿಂಗರ ಲಿಪಿ ಯಾಕೆ’ ಎಂದು ಕೇಳಿದ್ದೀರಿ. ಈ ಪ್ರಶ್ನೆಯೊಳಗೆ ಒಂದು ಊಹೆ ಅಡಗಿದೆ. ರೂನ್ ಅಂದರೆ ಹಳೆಯ ದೇವರುಗಳ ಲಿಪಿ, ಮಾಟಮಂತ್ರದ ಲಿಪಿ ಅಂತ. ಸಿನಿಮಾಗಳಿಂದ ಬಂದ ಊಹೆ ಅದು. ನಿಜವಾಗಿ ಸ್ಕ್ಯಾಂಡಿನೇವಿಯಾದ ಜನ ಕ್ರೈಸ್ತರಾದ ಮೇಲೂ ಶತಮಾನಗಟ್ಟಲೆ ರೂನ್ ಬರೆದರು. ಡೆನ್ಮಾರ್ಕಿನ ಯೆಲ್ಲಿಂಗ್‌ನಲ್ಲಿರುವ ಹೆಸರಾಂತ ಕಲ್ಲಿನ ಮೇಲೆ ಹರಾಲ್ಡ್ ದೊರೆ ‘ಡೇನರನ್ನು ಕ್ರೈಸ್ತರನ್ನಾಗಿ ಮಾಡಿದವನು ನಾನು’ ಎಂದು ಬರೆಸಿದ್ದು ರೂನ್‌ನಲ್ಲೇ. ಅದು 10ನೇ ಶತಮಾನ. ಬೊರ್ನ್‌ಹೋಮ್ ದ್ವೀಪದ ಓಕಿರ್ಕೆಬಿ ಎಂಬ ಊರಿನ ಚರ್ಚಿನಲ್ಲಿ ಇನ್ನೊಂದು ಜ್ಞಾನಸ್ನಾನದ ತೊಟ್ಟಿ ಇದೆ. ಅದರ ಸುತ್ತ ಯೇಸುವಿನ ಜೀವನದ ಚಿತ್ರಗಳು, ಒಂದೊಂದಕ್ಕೂ ರೂನ್‌ನಲ್ಲಿ ವಿವರಣೆ. ಕೊನೆಯಲ್ಲಿ ಸಿಗ್ರಾಫ್ ಎಂಬ ಶಿಲ್ಪಿಯ ಹೆಸರು. ಹಾಗಾಗಿ ಲಿಪಿಗೆ ಮತವಿಲ್ಲ. ಕಲ್ಲು, ಮರದ ಮೇಲೆ ನೇರ ಗೆರೆಗಳಲ್ಲಿ ಕೊರೆಯಲು ಸಲೀಸು, ಅಷ್ಟೇ.

ಹಾಗಾದರೆ ಇಂಗ್ಲೆಂಡಿನ ಈ ಮೂಲೆಯಲ್ಲಿ ಸ್ಕ್ಯಾಂಡಿನೇವಿಯಾದ ರೂನ್ ಹೇಗೆ? ನೀವು ಓಡಾಡಿದ ಆ ಸೀಮೆಯ ಊರ ಹೆಸರುಗಳನ್ನೇ ನೆನಪು ಮಾಡಿಕೊಳ್ಳಿ. ‘ಬಿ’ ಎಂದು ಮುಗಿಯುವ ಊರುಗಳು, ‘ಥ್ವೇಟ್’ ಎಂದು ಮುಗಿಯುವ ಊರುಗಳು. ಇವೆಲ್ಲ ನಾರ್ಸ್, ಅಂದರೆ ವೈಕಿಂಗರ ಮಾತು. ಬ್ರೈಡ್‌ಕರ್ಕ್‌ನ ‘ಕರ್ಕ್’ ಕೂಡ ನಾರ್ಸ್, ಚರ್ಚ್ ಎಂದು ಅರ್ಥ. ‘ಬ್ರೈಡ್’ ಅಂದರೆ ಮದುಮಗಳಲ್ಲ. ಐರ್ಲೆಂಡಿನ ಸಂತ ಬ್ರಿಜಿಡ್. 10ನೇ ಶತಮಾನದಲ್ಲಿ ಐರ್ಲೆಂಡ್, ಐಲ್ ಆಫ್ ಮ್ಯಾನ್ ಕಡೆಯಿಂದ ಸಮುದ್ರ ದಾಟಿ ಬಂದ ನಾರ್ಸ್ ಜನ ಇಲ್ಲಿ ನೆಲೆ ನಿಂತರು. ಐರ್ಲೆಂಡಿನ ಸಂತಳು, ನಾರ್ಸ್ ಭಾಷೆಯ ಚರ್ಚು, ಎರಡೂ ಒಂದೇ ಹೆಸರಿನಲ್ಲಿ ಕೂಡಿಕೊಂಡಿವೆ. ಅಲ್ಲಿಂದ ಕಾರ್ಲೈಲ್ ದೂರವಿಲ್ಲ. ಅಲ್ಲಿನ ಕೆಥೆಡ್ರಲ್ ಗೋಡೆಯ ಮೇಲೆ ಯಾರೋ ಒಬ್ಬ ‘ಡೊಲ್ಫಿನ್ ಈ ರೂನ್‌ಗಳನ್ನು ಈ ಕಲ್ಲಿನ ಮೇಲೆ ಬರೆದ’ ಎಂದು ಗೀಚಿದ್ದಾನೆ. ಅದೂ 12ನೇ ಶತಮಾನದ್ದೇ. ಆ ಕಾಲಕ್ಕೆ ಆ ಸೀಮೆಯಲ್ಲಿ ರೂನ್ ಗೊತ್ತಿದ್ದವರು ಇನ್ನೂ ಇದ್ದರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಈಗ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಅಕ್ಷರ ನಾರ್ಸ್. ಮಾತು ಇಂಗ್ಲಿಷ್. ಹೆಸರು ರಿಚರ್ಡ್, ಅದು 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಜೊತೆ ಹಬ್ಬಿದ ಹೆಸರು. ಕೆತ್ತನೆಯ ರೀತಿಯೂ ನಾರ್ಮನ್ ಕಾಲದ್ದು. ಒಂದು ಹಳ್ಳಿಯ ಒಂದೇ ಕಲ್ಲಿನಲ್ಲಿ ಇಷ್ಟೂ ಜನ ಇದ್ದಾರೆ. ಇಷ್ಟು ಸಾಲದು ಎಂಬಂತೆ, ಆ ಹೊತ್ತಿಗೆ ಆ ನಾಡನ್ನು ಆಳುತ್ತಿದ್ದವನು ಬಹುಶಃ ಇಂಗ್ಲೆಂಡಿನ ದೊರೆಯೂ ಅಲ್ಲ. ಸ್ಕಾಟ್ಲೆಂಡಿನ ದೊರೆ ಒಂದನೇ ಡೇವಿಡ್ 1135–36ರ ಚಳಿಗಾಲದಲ್ಲಿ ಕಾರ್ಲೈಲನ್ನು ಹಿಡಿದ. ಅದು ಮರಳಿ ಇಂಗ್ಲೆಂಡಿನ ಕೈಗೆ ಬಂದದ್ದು 1157ರಲ್ಲಿ. ತೊಟ್ಟಿಯ ಕಾಲ ಹೆಚ್ಚುಕಡಿಮೆ ಈ ನಡುವಿನದು.

ಕಾಲ ಹೇಗೆ ಗೊತ್ತಾಯಿತು ಅಂತ ಕೇಳಬಹುದು. ಕಲ್ಲಿನ ಮೇಲೆ ವರ್ಷ ಬರೆದಿಲ್ಲ. ಎರಡು ಸುಳಿವು. ಒಂದು, ಕೆತ್ತನೆ. ಸುರುಳಿ ಬಳ್ಳಿಗಳು, ಮೈ ತಿರುಚಿಕೊಂಡ ಮೃಗಗಳು, ಬಟ್ಟೆಯ ಮಡಿಕೆಗಳನ್ನು ತೋರಿಸಿದ ರೀತಿ, ಇವೆಲ್ಲ ಆ ಶತಮಾನದ ಬೇರೆ ಕೆಲಸಗಳ ಜೊತೆ ಹೊಂದುತ್ತವೆ. ಇನ್ನೊಂದು, ಮಾತು. ನನಗೆ ಇದು ಇನ್ನೂ ಗಟ್ಟಿ ಸುಳಿವು. ಹಳೆಯ ಇಂಗ್ಲಿಷಿನಲ್ಲಿ ‘ಮಾಡಿದ’ ಎಂಬುದಕ್ಕೆ ‘ಗೆವೊರ್ಹ್‌ಟೆ’ ಎನ್ನುತ್ತಿದ್ದರು. ಕಾಲ ಕಳೆದಂತೆ ಮೊದಲಿನ ‘ಗೆ’ ಸವೆದು ‘ಇ’ ಆಯಿತು. ಮುಂದೆ ಅದೂ ಬಿದ್ದುಹೋಯಿತು. ರಿಕಾರ್ಥ್ ಬರೆದದ್ದು ‘ಇವ್ರೊಕ್ಟೆ’. ಅಂದರೆ ಹಳೆಯದು ಹೋಗಿದೆ, ಹೊಸದು ಪೂರ್ತಿ ಬಂದಿಲ್ಲ. ‘ಪಾಲು’ ಇದೆಯಾ, ‘ಹಾಲು’ ಆಗಿದೆಯಾ ಎಂದು ನೋಡಿ ನಾವು ಕನ್ನಡ ಶಾಸನದ ಕಾಲ ಅಂದಾಜು ಮಾಡುತ್ತೇವಲ್ಲ, ಅದೇ ಲೆಕ್ಕ.

ಇಷ್ಟು ಹೇಳಿದ ಮೇಲೆ ರೋಮನ್ನರ ಮಾತಿಗೆ ಉತ್ತರ ಸುಲಭ. ಆ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. ಅದರ ಹಿಂದೆ ವಿಲಿಯಂ ಕ್ಯಾಮ್ಡನ್ ಇದ್ದಾರೆ. ಬ್ರಿಟನ್ನಿನ ಹಳೆಯ ಸ್ಥಳಗಳನ್ನೆಲ್ಲ ಸುತ್ತಿ ‘ಬ್ರಿಟಾನಿಯಾ’ ಎಂಬ ದೊಡ್ಡ ಗ್ರಂಥ ಬರೆದವರು. 1599ರಲ್ಲಿ ತಮ್ಮ ಶಿಷ್ಯ ರಾಬರ್ಟ್ ಕಾಟನ್ ಜೊತೆ ಈ ಉತ್ತರದ ಸೀಮೆಗೆ ಬಂದಿದ್ದರು. ಬ್ರೈಡ್‌ಕರ್ಕ್ ಪಕ್ಕದ ಪ್ಯಾಪ್‌ಕಾಸಲ್‌ನಲ್ಲಿ ರೋಮನ್ನರ ಕೋಟೆ ಇತ್ತು. ಹಸಿರು ಛಾಯೆಯ ಕಲ್ಲಿನ, ಪುಟ್ಟ ಬೊಂಬೆಗಳನ್ನು ಕೆತ್ತಿದ ಒಂದು ಅಗಲವಾದ ಪಾತ್ರೆ ಅಲ್ಲಿ ಸಿಕ್ಕಿತು, ಈಗ ಬ್ರೈಡ್‌ಕರ್ಕ್ ಚರ್ಚಿನಲ್ಲಿ ಜ್ಞಾನಸ್ನಾನಕ್ಕೆ ಬಳಸುತ್ತಾರೆ, ಎಂದು ಅವರು ಬರೆದರು. ಮೊದಲು ಕೈಕಾಲು ತೊಳೆಯುವ ತೊಟ್ಟಿ ಆಗಿತ್ತೋ ಏನೋ ಎಂದೂ ಅನುಮಾನಪಟ್ಟರು. ಅಕ್ಷರಗಳು ಯಾವ ಜನರದ್ದು, ಏನು ಹೇಳುತ್ತವೆ ಎಂಬುದನ್ನು ಬಲ್ಲವರೇ ಹೇಳಲಿ ಎಂದು ಬಿಟ್ಟರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದ ಕ್ಯಾಮ್ಡನ್ ಮೇಲೆ ನನಗೆ ಗೌರವ ಜಾಸ್ತಿ. ಆದರೆ ‘ರೋಮನ್ ಕೋಟೆಯ ಊರಿನಿಂದ ಬಂತು’ ಎಂಬುದನ್ನು ಜನ ‘ರೋಮನ್ನರು ಮಾಡಿದ್ದು’ ಎಂದು ತಿಳಿದರು. ಅದು ಆಗದ ಮಾತು. ರೋಮನ್ನರು ಬ್ರಿಟನ್ ಬಿಟ್ಟದ್ದು 5ನೇ ಶತಮಾನದ ಮೊದಲಲ್ಲಿ. ಕಲ್ಲಿನ ಮೇಲಿನ ಮಾತು, ಚಿತ್ರ ಎರಡೂ ಅವರು ಹೋಗಿ ಏಳುನೂರು ವರ್ಷದ ಮೇಲಿನವು.

ಚಿತ್ರಗಳನ್ನೂ ನೋಡಿ. ಅದು ಚೌಕನೆಯ ತೊಟ್ಟಿ, ನಾಲ್ಕೂ ಮುಖದಲ್ಲಿ ಕೆತ್ತನೆ. ಒಂದು ಕಡೆ ಯೊವಾನನು ಯೇಸುವಿಗೆ ಜ್ಞಾನಸ್ನಾನ ಕೊಡುತ್ತಿದ್ದಾನೆ. ಇನ್ನೊಂದು ಕಡೆ ಆದಾಮ ಮತ್ತು ಏವೆಯನ್ನು ಏದೆನ್ ತೋಟದಿಂದ ಹೊರಗೆ ಕಳಿಸುತ್ತಿರುವ ದೃಶ್ಯ. ಈ ಎರಡೇ ಯಾಕೆ? ಕ್ರೈಸ್ತ ನಂಬಿಕೆಯಲ್ಲಿ ಮನುಷ್ಯ ಪಾಪದಿಂದ ತೋಟ ಕಳೆದುಕೊಂಡ, ಜ್ಞಾನಸ್ನಾನದ ನೀರಿನಿಂದ ಆ ಪಾಪ ತೊಳೆದುಹೋಗುತ್ತದೆ. ಹೊರಗೆ ಹೋದ ಬಾಗಿಲು ಒಂದು ಮುಖದಲ್ಲಿ, ಒಳಗೆ ಬರುವ ಬಾಗಿಲು ಇನ್ನೊಂದು ಮುಖದಲ್ಲಿ. ಓದು ಬಾರದ ರೈತನಿಗೂ, ಮಗು ಎತ್ತಿಕೊಂಡು ಬಂದ ಅಜ್ಜಿಗೂ ತೊಟ್ಟಿಯೇ ಪಾಠ ಹೇಳುತ್ತಿತ್ತು. ಇದನ್ನೆಲ್ಲ ಯೋಚಿಸಿ ಮಾಡಿದ ಕಲ್ಲು ಮೊದಲ ದಿನದಿಂದಲೂ ಜ್ಞಾನಸ್ನಾನಕ್ಕೇ ಮಾಡಿದ್ದು. ಅದರಲ್ಲಿ ನನಗೆ ಯಾವ ಸಂಶಯವೂ ಇಲ್ಲ.

ಈಗ ದಾರಿ ತಪ್ಪಿದ ವಿದ್ವಾಂಸರ ಕಥೆ. ನಿಮಗೆ ನಿಜವಾಗಿ ಹೇಳಬೇಕೆಂದಿದ್ದದ್ದು ಇದು.

1633ರಲ್ಲಿ ಬ್ರೈಡ್‌ಕರ್ಕ್‌ನ ಪಾದ್ರಿಯ ಮನೆಯಲ್ಲಿ ಒಂದು ಗಂಡುಮಗು ಹುಟ್ಟಿತು. ಜೋಸೆಫ್ ವಿಲಿಯಮ್‌ಸನ್. ಜ್ಞಾನಸ್ನಾನ ಆದದ್ದು ಅದೇ ಚರ್ಚಿನಲ್ಲಿ. ತೊಟ್ಟಿ ಆಗ ಬಳಕೆಯಲ್ಲಿತ್ತು ಎಂದು ಕ್ಯಾಮ್ಡನ್ ಆಗಲೇ ಬರೆದಿದ್ದಾರೆ. ಹಾಗಾಗಿ ಆ ಮಗುವಿನ ತಲೆಗೆ ನೀರು ಬಿದ್ದದ್ದು ರಿಕಾರ್ಥ್‌ನ ಕಲ್ಲಿನಿಂದಲೇ ಎನ್ನಬೇಕು. ಹುಡುಗ ಬೆಳೆದು ಆಕ್ಸ್‌ಫರ್ಡ್‌ನಲ್ಲಿ ಓದಿ, ಎರಡನೇ ಚಾರ್ಲ್ಸ್ ದೊರೆಯ ಸೆಕ್ರೆಟರಿ ಆಫ್ ಸ್ಟೇಟ್, ಅಂದರೆ ಮಂತ್ರಿ ಆದ. 1677ರಲ್ಲಿ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಅಧ್ಯಕ್ಷನೂ ಆದ. ದೊಡ್ಡ ಮನುಷ್ಯನಾದ ಮೇಲೆ ತನ್ನ ಸೀಮೆಯ ಹುಡುಗರನ್ನು ಮರೆಯಲಿಲ್ಲ. ಅವರಲ್ಲಿ ವಿಲಿಯಂ ನಿಕೋಲ್ಸನ್ ಒಬ್ಬ. ಅವನೂ ಬ್ರೈಡ್‌ಕರ್ಕ್ ಇರುವ ಕಂಬರ್‌ಲ್ಯಾಂಡ್ ಸೀಮೆಯವನೇ. 1678ರಲ್ಲಿ ವಿಲಿಯಮ್‌ಸನ್ ತನ್ನ ಖರ್ಚಿನಲ್ಲಿ ಅವನನ್ನು ಜರ್ಮನಿಯ ಲೈಪ್‌ಜಿಗ್‌ಗೆ ಕಳಿಸಿದರು, ಉತ್ತರದ ಭಾಷೆಗಳನ್ನು ಕಲಿತು ಬಾ ಅಂತ. ನಿಕೋಲ್ಸನ್ ಕಲಿತು ಬಂದು, ಆಕ್ಸ್‌ಫರ್ಡ್‌ನಲ್ಲಿ ಹಳೆಯ ಇಂಗ್ಲಿಷ್ ಪಾಠ ಹೇಳಿ, ಕಾರ್ಲೈಲ್‌ನಲ್ಲಿ ಆರ್ಚ್‌ಡೀಕನ್, ಅಂದರೆ ಬಿಷಪ್ ಕೈಕೆಳಗಿನ ಹಿರಿಯ ಪಾದ್ರಿ ಆದರು. 1702ರಲ್ಲಿ ಅಲ್ಲಿಯೇ ಬಿಷಪ್ ಆದರು.

ಇಂಥವರು ಬ್ರೈಡ್‌ಕರ್ಕ್‌ನ ತೊಟ್ಟಿಯ ಮುಂದೆ ಬಂದು ನಿಂತರು. ಅದರಲ್ಲಿ ಜ್ಞಾನಸ್ನಾನ ಪಡೆದವನು ಕಟ್ಟಿದ ಫೀಸಿನಿಂದ ಕಲಿತ ವಿದ್ಯೆಯಿಂದಲೇ ಅದನ್ನು ಓದಲು ಕೂತರು! 1685ರ ನವೆಂಬರ್‌ನಲ್ಲಿ ಇತಿಹಾಸಕಾರ ಸರ್ ವಿಲಿಯಂ ಡಗ್‌ಡೇಲ್ ಅವರಿಗೆ ಪತ್ರ ಬರೆದು ತಮ್ಮ ಓದನ್ನು ತಿಳಿಸಿದರು. ಆ ಪತ್ರ ಅಚ್ಚಾದದ್ದೂ ರಾಯಲ್ ಸೊಸೈಟಿಯ ‘ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್’ನಲ್ಲಿ, ಅಂದರೆ ಒಂದು ಕಾಲಕ್ಕೆ ವಿಲಿಯಮ್‌ಸನ್ ಅಧ್ಯಕ್ಷರಾಗಿದ್ದ ಸಂಸ್ಥೆಯ ಪತ್ರಿಕೆಯಲ್ಲಿ. ಒಂದು ಹಳ್ಳಿಯ ತೊಟ್ಟಿ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ.

ನಿಕೋಲ್ಸನ್ ಓದಿದ್ದು ಹೀಗೆ: ‘ಎರ್ ಎಕಾರ್ಡ್ ಹಾನ್ ಮೆನ್ ಎಗ್ರೊಕ್ಟೆನ್, ಅಂಡ್ ತೊ ದಿಸ್ ಮೆನ್ ರೆಡ್ ವೆರ್ ತಾನರ್ ಮೆನ್ ಬ್ರೊಗ್ಟೆನ್’. ಅರ್ಥ ಹೇಳಿದ್ದು ಹೀಗೆ: ‘ಇಲ್ಲಿ ಎಕಾರ್ಡ್ ಕ್ರೈಸ್ತನಾದ, ಅವನನ್ನು ನೋಡಿ ಡೇನರೂ ಈ ದಾರಿಗೆ ಬಂದರು’. ಎಕಾರ್ಡ್ ಯಾರೋ ಡೇನರ ಮುಖಂಡ ಇರಬೇಕು, ಅವನ ದೀಕ್ಷೆಯ ನೆನಪಿಗೆ ಈ ತೊಟ್ಟಿ ಎಂದು ತಿಳಿದರು.

ಎಲ್ಲಿ ತಪ್ಪಿತು? ಲಿಪಿ ನೋಡಿದ ಕೂಡಲೇ ಭಾಷೆ ಡೇನರದ್ದು ಎಂದು ಮನಸ್ಸು ತೀರ್ಮಾನಿಸಿತು. ಭಾಷೆ ಅವರದ್ದಾದರೆ ಕಥೆಯೂ ಅವರದ್ದೇ ಇರಬೇಕು. ಆಮೇಲೆ ಒಂದೊಂದು ಗೆರೆಯೂ ಆ ಕಥೆಗೆ ತಕ್ಕಂತೆ ಕಾಣತೊಡಗಿತು. ರಿಕಾರ್ಥ್ ಎಂಬ ಹೆಸರು ‘ಎರ್ ಎಕಾರ್ಡ್’ ಎಂದು ಎರಡಾಯಿತು. ಕಲ್ಲು ತನ್ನನ್ನು ಕುರಿತು ‘ನನ್ನನ್ನು’ ಅಂದದ್ದು ಬೇರೆ ಯಾರ ಮಾತೋ ಆಗಿಹೋಯಿತು. ‘ತಂದ’ ಎಂಬುದು ಡೇನರನ್ನು ದಾರಿಗೆ ತಂದದ್ದಾಯಿತು. ಮಾಡಿದವನ ಸಹಿ ಮತಾಂತರದ ಚರಿತ್ರೆಯಾಯಿತು. ನಾನು ಇದನ್ನು ಅವರನ್ನು ತೆಗಳಲು ಹೇಳುತ್ತಿಲ್ಲ. ಮುನ್ನೂರು ವರ್ಷದ ಹಿಂದೆ, ಒಳ್ಳೆಯ ಬೆಳಕಿಲ್ಲದೆ, ಸವೆದ ಕಲ್ಲಿನ ಮುಂದೆ ಮಂಡಿಯೂರಿ ಅಷ್ಟು ಅಕ್ಷರ ಗುರುತಿಸಿದ್ದೇ ದೊಡ್ಡದು. ನಿಕೋಲ್ಸನ್ ಅಕ್ಷರಗಳನ್ನು ಅಚ್ಚು ಹಾಕಿಸಿದ್ದರಿಂದಲೇ ಮುಂದಿನವರಿಗೆ ತಿದ್ದಲು ಏನಾದರೂ ಸಿಕ್ಕಿತು. 19ನೇ ಶತಮಾನದ ವಿದ್ವಾಂಸರು ಇದು ಇಂಗ್ಲಿಷ್ ಎಂದು ಹಿಡಿದುಕೊಂಡ ಮೇಲೆ ಎಲ್ಲವೂ ಸರಿಹೋಯಿತು. ಪ್ರಾಸ ಕೂಡಿತು, ‘ಕಡೆದ’ ಎಂಬ ಮಾತಿಗೂ ಕೊಡತಿ ಹಿಡಿದ ಪುಟ್ಟ ಮನುಷ್ಯನಿಗೂ ಸಂಬಂಧ ಸಿಕ್ಕಿತು. ಚಿತ್ರ ಹೇಳುತ್ತಿದ್ದದ್ದನ್ನೇ ಅಕ್ಷರವೂ ಹೇಳುತ್ತಿತ್ತು.

ಇನ್ನೊಂದು ಚಿಕ್ಕ ಸಂಗತಿ. ನಿಕೋಲ್ಸನ್ ಪತ್ರ ಬರೆದ ಮುಂದಿನ ತಿಂಗಳು, 1685ರ ಡಿಸೆಂಬರ್‌ನಲ್ಲಿ, ಅದೇ ಬ್ರೈಡ್‌ಕರ್ಕ್ ಪಾದ್ರಿಯ ಮನೆಯಲ್ಲಿ ಥಾಮಸ್ ಟಿಕೆಲ್ ಹುಟ್ಟಿದ. ಮುಂದೆ ಕವಿ ಎಂದು ಹೆಸರು ಮಾಡಿದವನು.

ರಿಕಾರ್ಥ್ ಯಾರು ಎಂದು ಇನ್ನೂ ಹುಡುಕಿದವರಿದ್ದಾರೆ. ಅದೇ ಶತಮಾನದಲ್ಲಿ ಡರ್ಹಮ್‌ನ ಬಿಷಪ್ ಹತ್ತಿರ ರಿಚರ್ಡ್ ಎಂಬ ಹೆಸರಾಂತ ಕಟ್ಟಡದ ಮೇಸ್ತ್ರಿ ಇದ್ದ, ಅವನೇ ಇವನು ಎಂದು ಕೆಲವರು ಊಹಿಸಿದರು. ನಾನು ಒಪ್ಪುವುದಿಲ್ಲ. ಹೆಸರು ಬಿಟ್ಟರೆ ಇಬ್ಬರನ್ನೂ ಕಟ್ಟುವ ದಾರ ಒಂದೂ ಇಲ್ಲ. ನಾರ್ಮನ್ನರು ಬಂದ ಮೇಲೆ ರಿಚರ್ಡ್ ಎಂಬುದು ನಮ್ಮ ಮಂಜುನಾಥ, ರಮೇಶ ಇದ್ದ ಹಾಗೆ. ಸ್ಥಳದ ರೂನ್ ಬಲ್ಲ, ಸ್ಥಳದ ಮಾತಾಡುವ ಒಬ್ಬ ಕಲ್ಲುಕುಟಿಗನಿಗೆ ದೂರದ ದೊಡ್ಡವನ ಹೆಸರು ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ.

ತೊಟ್ಟಿ ಇಷ್ಟು ಕಾಲ ಉಳಿದದ್ದು ಹೇಗೆ ಎಂಬುದೂ ದೊಡ್ಡ ವಿಷಯ. ಹಿಂದೆ ಇಂಥ ತೊಟ್ಟಿಯ ನೀರನ್ನು ಈಸ್ಟರ್ ಹಿಂದಿನ ರಾತ್ರಿ ಮಂತ್ರಿಸಿ, ಬಹಳ ದಿನ ಅದರಲ್ಲೇ ಇಡುತ್ತಿದ್ದರು. ನಮ್ಮ ಕಡೆಯ ಕಥೋಲಿಕ ಚರ್ಚುಗಳಲ್ಲೂ ಆ ರಾತ್ರಿ ಪಾದ್ರಿಗಳು ದೊಡ್ಡ ಮೇಣದಬತ್ತಿಯನ್ನು ನೀರಿಗೆ ಇಳಿಸುವುದನ್ನು ನೋಡಿರಬಹುದು. ಅದೇ ಹಳೆಯ ಕ್ರಮ. ಮಂತ್ರಿಸಿದ ನೀರನ್ನು ಜನ ಕದ್ದು ಮಾಟಕ್ಕೆ, ದನಕರುಗಳ ಔಷಧಕ್ಕೆ ಒಯ್ಯುತ್ತಾರೆ ಎಂಬ ಭಯ ಪಾದ್ರಿಗಳಿಗೆ ಇತ್ತು. 1236ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಎಡ್ಮಂಡ್ ತೊಟ್ಟಿಗಳಿಗೆ ಮುಚ್ಚಳ ಹಾಕಿ ಬೀಗ ಜಡಿಯಬೇಕು ಎಂದು ಆಜ್ಞೆ ಹೊರಡಿಸಿದರು. ಇಂಗ್ಲೆಂಡಿನ ಹಳೆಯ ತೊಟ್ಟಿಗಳ ಅಂಚಿನಲ್ಲಿ ಕಬ್ಬಿಣದ ಕೊಂಡಿ ಕಿತ್ತುಹೋದ ಗುಂಡಿಗಳು, ಒಡೆದ ಮೂಲೆಗಳು ಕಾಣುವುದು ಇದರಿಂದಲೇ. ಇನ್ನೊಂದು ಚರ್ಚಿಗೆ ಹೋದಾಗ ಅಂಚಿನ ಮೇಲೆ ಬೆರಳಾಡಿಸಿ ನೋಡಿ.

ದೊಡ್ಡ ಗಂಡಾಂತರ ಬಂದದ್ದು 1640ರ ದಶಕದಲ್ಲಿ. ದೊರೆಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿತ್ತು. ಪಾರ್ಲಿಮೆಂಟಿನ ಕಡೆಯ ಪ್ಯೂರಿಟನ್ನರಿಗೆ ಚರ್ಚಿನೊಳಗಿನ ಕೆತ್ತನೆ, ಚಿತ್ರ ಎಲ್ಲವೂ ಮೂಢನಂಬಿಕೆ. 1645ರ ಹೊಸ ಆರಾಧನಾ ಕ್ರಮ, ಹಳೆಯ ತೊಟ್ಟಿಗಳಿದ್ದ ಜಾಗದಲ್ಲಿ ಜ್ಞಾನಸ್ನಾನ ಮಾಡಿಸಕೂಡದು ಎಂದಿತು. ಎಷ್ಟೋ ಹಳ್ಳಿಗಳಲ್ಲಿ ತೊಟ್ಟಿಯನ್ನು ಹೊರಗೆ ಎಸೆದರು. ದನಗಳಿಗೆ ನೀರು ಕುಡಿಸುವ ಕಲ್ಲುಬಾನಿಗಳಾಗಿ ಕೊಟ್ಟಿಗೆ ಸೇರಿದವು, ತೋಟದಲ್ಲಿ ಹೂವಿನ ಕುಂಡಗಳಾದವು. ಸೀಸದ ತೊಟ್ಟಿಗಳನ್ನು ಕರಗಿಸಿ ಗುಂಡು ಮಾಡಿದ್ದೂ ಉಂಟು. 1660ರಲ್ಲಿ ರಾಜಪ್ರಭುತ್ವ ಮರಳಿದ ಮೇಲೆ ಊರೂರಲ್ಲಿ ಹೊಸ ತೊಟ್ಟಿ ಕಡೆಸಬೇಕಾಯಿತು. ಈ ಎಲ್ಲದರ ನಡುವೆ ಬ್ರೈಡ್‌ಕರ್ಕ್‌ನ ಕಲ್ಲು ಉಳಿದುಕೊಂಡಿತು. 1685ರಲ್ಲಿ ನಿಕೋಲ್ಸನ್ ಬರೆಯುವಾಗ ಅದು ಊರ ಚರ್ಚಿನಲ್ಲೇ ಇತ್ತು.

ಚರ್ಚ್ ಹಳೆಯದಾಗಿ ಕಾಣಲಿಲ್ಲ ಅಂದಿರಿ. ನಿಮ್ಮ ಕಣ್ಣು ಸರಿ. ಈಗಿನ ಕಟ್ಟಡ ಕಟ್ಟಿದ್ದು 1868ರಿಂದ 1870ರ ನಡುವೆ. ಹಳೆಯ ನಾರ್ಮನ್ ರೀತಿಯನ್ನೇ ಅನುಸರಿಸಿ ಕಟ್ಟಿದ್ದಾರೆ. ಹಳೆಯ ಚರ್ಚಿನ ಬಾಗಿಲ ಕಮಾನುಗಳನ್ನು ಬಿಚ್ಚಿ ತಂದು ಹೊಸದಕ್ಕೆ ಜೋಡಿಸಿದ್ದಾರೆ. ಹೊರಗೆ ಸಮಾಧಿಗಳ ನಡುವೆ ಹಳೆಯ ಚರ್ಚಿನ ಪಾಳುಗೋಡೆ ಇದೆ, ಅದನ್ನು ಬಹುಶಃ ನೀವು ಗಮನಿಸಲಿಲ್ಲ. ರಿಕಾರ್ಥ್‌ನ ಕಾಲದಲ್ಲಿ ಇದ್ದದ್ದು ಆ ಚರ್ಚು. ಹಾಗಾಗಿ ಒಳಗಿರುವ ತೊಟ್ಟಿ, ತನ್ನ ಸುತ್ತಲಿನ ಗೋಡೆಗಳಿಗಿಂತ ಏಳುನೂರು ವರ್ಷ ದೊಡ್ಡದು.

ನಿಮ್ಮ ಊರಿನಿಂದ ಅದು ದೂರವೇನಲ್ಲ, ಇನ್ನೊಮ್ಮೆ ಖಂಡಿತ ಹೋಗಿ. ಹೋಗುವಾಗ ಒಂದು ಸಣ್ಣ ಟಾರ್ಚ್ ಇಟ್ಟುಕೊಳ್ಳಿ. ಅಕ್ಷರದ ಮೇಲೆ ನೇರ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ. ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಹೆಚ್ಚುಕಡಿಮೆ ಕಲ್ಲಿಗೆ ತಾಗುವ ಹಾಗೆ, ಓರೆಯಾಗಿ ಹಿಡಿಯಿರಿ. ಒಂದೊಂದು ಗೆರೆಯಲ್ಲೂ ನೆರಳು ತುಂಬಿ ಅಕ್ಷರ ಎದ್ದು ಬರುತ್ತದೆ. ಇಲ್ಲಿ ವೀರಗಲ್ಲು ಓದುವಾಗಲೂ ನಾವು ಮಾಡುವುದು ಇದನ್ನೇ. ಸೀಮೆಸುಣ್ಣ, ಹಿಟ್ಟು ಮಾತ್ರ ತಿಕ್ಕಬೇಡಿ, ಕಲ್ಲು ಹಾಳಾಗುತ್ತದೆ. ಮಕ್ಕಳಿಗೆ ಮೊದಲು ಕೊಡತಿ ಹಿಡಿದ ಮನುಷ್ಯನನ್ನು ತೋರಿಸಿ, ಆಮೇಲೆ ಅವನ ಹೆಸರಿರುವ ಪಟ್ಟಿಯನ್ನು. ಸಮಯ ಉಳಿದರೆ ಕಾರ್ಲೈಲ್‌ಗೂ ಹೋಗಿ. ಕೆಥೆಡ್ರ‌ಲ್‌ನ ದಕ್ಷಿಣದ ಕಡೆ ಚಾಚಿರುವ ಭಾಗದಲ್ಲಿ, ಗೋಡೆಯ ಮೇಲೆ ಡೊಲ್ಫಿನ್ ಬರೆದ ಸಾಲು ಇದೆ. ಎಲ್ಲಿದೆ ಅಂತ ಅಲ್ಲಿನವರನ್ನು ಕೇಳಿದರೆ ತೋರಿಸುತ್ತಾರೆ.